ಹೇಳವಾ ನಿಮ್ಮಪ್ಪಗ

ನಮ್ಮ ಮನೆಯಲ್ಲಿ ಯಾರಾದರೂ ಡಿಗ್ರಿ ಮುಗಿಸುವುದು ಆಗದ ಮಾತು ಎಂದವನು ನನ್ನ ದೊಡ್ಡಪ್ಪ, ಮಲ್ಲಪ್ಪ. ಅದರಲ್ಲೂ ಹೆಣ್ಣುಹುಡುಗಿ ಮುಗಿಸುವುದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಈ ಮಾತನ್ನು ಅವನು ನನಗೆ ಹೇಳಲಿಲ್ಲ, ನನ್ನ ಅಪ್ಪನಿಗೆ ಹೇಳಿದ. ಆದರೆ ಅಪ್ಪನಿಗೆ ನೇರವಾಗಿಯೂ ಹೇಳಲಿಲ್ಲ. ಅಪ್ಪ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಗ್ಗ ಹೊಸೆಯುತ್ತ ಕೂತಿದ್ದ. ಒಂದೊಂದು ಅಕ್ಷರವೂ ಅವನ ಕಿವಿಗೆ ಬೀಳುತ್ತಿತ್ತು. ಆದರೂ ದೊಡ್ಡಪ್ಪ ನನ್ನ ಕಡೆ ತಿರುಗಿ ಅಂದ:

“ಹೇಳವಾ ನಿಮ್ಮಪ್ಪಗ. ಈ ಮನ್ಯಾಗ ಎತ್ತು ಹುಟ್ಟ್ಯಾವು, ಎಮ್ಮಿ ಹುಟ್ಟ್ಯಾವು. ಡಿಗ್ರಿ ಹುಟ್ಟಿಲ್ಲ. ಹುಟ್ಟೂದೂ ಇಲ್ಲ.”

ನಾನು ಅಪ್ಪನ ಕಡೆ ತಿರುಗಿದೆ.

“ಅಪ್ಪಾ, ಕಾಲೇಜಿನ ವಿಷಯದಾಗ ದೊಡ್ಡಪ್ಪಗ ಇನ್ನೂ ಮನಸಿಲ್ಲಂತ.”

ಅಪ್ಪ ಹಗ್ಗದಿಂದ ತಲೆ ಎತ್ತದೆ, ಕೇಳಿಸಿತು ಎಂದು ಹೇಳು ಎಂದ. ನಾನು ಮತ್ತೆ ಈ ಕಡೆ ತಿರುಗಿ ಅದನ್ನು ಹೇಳಿದೆ. ಅಲ್ಲಿಗೆ ಅಂದಿನ ಮಾತುಕತೆ ಮುಗಿಯಿತು. ಹೊರಗಿನವರು ಯಾರಾದರೂ ನೋಡಿದ್ದರೆ ಮೂವರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಇದು ದಿನದ ರೂಢಿ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು, ಮನೆ ಬಿಟ್ಟಿರಲಿಲ್ಲ. ಒಂದೇ ಸೂರಿನ ಕೆಳಗೆ ಇದ್ದ ಮೇಲೆ ಹೇಳುವುದು ಕೇಳುವುದು ಇದ್ದೇ ಇರುತ್ತದಲ್ಲ, ಅದಕ್ಕೆ ನಡುವೆ ಒಂದು ಬಾಯಿ ಬೇಕಾಗಿತ್ತು. ಆ ಬಾಯಿ ನನ್ನದಾಗಿತ್ತು.

ಅವರು ಮಾತು ಬಿಟ್ಟದ್ದು ಒಂದು ಎತ್ತಿನ ಸಲುವಾಗಿ. ಅಪ್ಪ ಕರುವಿನಿಂದ ಬೆಳೆಸಿದ್ದ ಎತ್ತನ್ನು ದೊಡ್ಡಪ್ಪ ಹೇಳದೆ ಕೇಳದೆ ಬೇರೊಂದು ಊರಿನ ಗಾಡಿ ಶರ್ಯತ್ತಿಗೆ ಹೊಡೆದುಕೊಂಡು ಹೋದ. ಎತ್ತು ಕಾಲು ಮುರಿದುಕೊಂಡು ಬಂತು. ಅಪ್ಪ ಏನೂ ಅನ್ನಲಿಲ್ಲ. ಅಂದಿನಿಂದ ಏನೂ ಅನ್ನಲೇ ಇಲ್ಲ. ತಮ್ಮ ತಾನಾಗಿ ಮಾತಾಡಲಿ ಎಂದು ದೊಡ್ಡಪ್ಪ ಕಾದ, ಅಣ್ಣ ತಪ್ಪಾಯಿತು ಎನ್ನಲಿ ಎಂದು ಅಪ್ಪ ಕಾದ. ಕಾಯುತ್ತ ಕಾಯುತ್ತ ಹೊಲ ಪಾಲಾಯಿತು, ಒಲೆ ಎರಡಾಯಿತು. ಬುದ್ಧಿ ತಿಳಿದಾಗಿನಿಂದ ನಾನು ನೋಡಿದ್ದು ಎರಡು ಒಲೆಯ ಮನೆಯನ್ನೇ.

ನಮ್ಮ ಊರು ಸವದತ್ತಿಗೂ ಬೈಲಹೊಂಗಲಕ್ಕೂ ನಡುವೆ, ಚಚಡಿಯಿಂದ ಅಷ್ಟೇನೂ ದೂರವಲ್ಲ. ಮಣ್ಣಿನ ಮಾಳಿಗೆಯ ಮನೆ. ದೊಡ್ಡ ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅಲ್ಲಿಂದ ಮೆಟ್ಟಿಲೇರಿದರೆ ಉದ್ದಕ್ಕೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಆಮೇಲೆ ಹಿತ್ತಲು. ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಎಬ್ಬಿಸುವ ಮಾತು ಬಂದಿತ್ತಂತೆ. ನಾನು ಸತ್ತ ಮೇಲೆ ಏನಾದರೂ ಕಟ್ಟಿಕೊಳ್ಳಿ, ಅಲ್ಲಿಯವರೆಗೆ ನನ್ನ ಮನೆಯೊಳಗೆ ಗಾರೆ ಕಲಸಲು ಬಿಡುವುದಿಲ್ಲ ಎಂದು ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹಠ ಹಿಡಿದಳು. ಹೀಗಾಗಿ ಗೋಡೆಯ ಬದಲು ಜೋಳದ ಚೀಲ ಬಂದವು. ಸುಗ್ಗಿ ಮುಗಿದ ಮೇಲೆ ಎರಡೂ ಮನೆಯವರು ತಮ್ಮ ತಮ್ಮ ಜೋಳದ ಚೀಲಗಳನ್ನು ಪಡಸಾಲೆಯ ನಡುವೆ ಸಾಲಾಗಿ, ಆಳೆತ್ತರಕ್ಕೆ ಒಟ್ಟುತ್ತಿದ್ದರು. ಯುಗಾದಿಗೆ ಆ ಕಡೆಯವರ ಮುಖ ಈ ಕಡೆಯವರಿಗೆ ಕಾಣುತ್ತಿರಲಿಲ್ಲ. ಆದರೆ ಜೋಳ ತಿನ್ನುವ ವಸ್ತು. ವಾರ ವಾರವೂ ಒಂದೊಂದು ಚೀಲ ಇಳಿದು ಗಿರಣಿಗೆ ಹೋಗುತ್ತಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ದೊಡ್ಡಪ್ಪನ ರುಮಾಲು ಕಾಣತೊಡಗುತ್ತಿತ್ತು, ಪಂಚಮಿಗೆ ಮೀಸೆ, ದಸರೆಯ ಹೊತ್ತಿಗೆ ಅವನು ಊಟಕ್ಕೆ ಕೂತದ್ದೇ ಕಾಣುತ್ತಿತ್ತು. ಎರಡೂ ಮನೆಯವರು ಸೇರಿ ಆ ಗೋಡೆಯನ್ನು ತಿಂದು ಮುಗಿಸುತ್ತಿದ್ದೆವು, ಸುಗ್ಗಿಗೆ ಮತ್ತೆ ಕಟ್ಟುತ್ತಿದ್ದೆವು.

ಹೆಂಗಸರಿಗೆ ಈ ಗೋಡೆ ಯಾವ ಕಾಲಕ್ಕೂ ಇರಲಿಲ್ಲ. ಗಂಡಸರು ಹೊಲಕ್ಕೆ ಹೋದ ಗಳಿಗೆಯಿಂದ ಅವ್ವ ಮತ್ತು ದೊಡ್ಡವ್ವ ಹಿತ್ತಲಲ್ಲಿ ಕೂಡಿ ಮಾತಾಡುತ್ತಲೇ ಇರುತ್ತಿದ್ದರು. ಅವ್ವನ ಪುಂಡಿಪಲ್ಯ ಚೀಲದ ಮೇಲಿಂದ ಆ ಕಡೆ ಹೋಗುತ್ತಿತ್ತು, ದೊಡ್ಡವ್ವನ ಎಣ್ಣೆಗಾಯಿ ಈ ಕಡೆ ಬರುತ್ತಿತ್ತು. ಗಂಡಸರಿಗೆ ಗೊತ್ತಿರಲಿಲ್ಲವೆಂದಲ್ಲ. ಒಂದು ದಿನ ದೊಡ್ಡಪ್ಪ ಉಣ್ಣುತ್ತ, ಇವತ್ತಿನ ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ, ಮಾಡಿದವರಿಗೆ ಹೇಳು ಎಂದು ತನ್ನ ಹೆಂಡತಿಗೇ ಅಂದ. ದೊಡ್ಡವ್ವ ಅದನ್ನು ಹಿತ್ತಲಲ್ಲಿ ಅಭಿನಯಿಸಿ ತೋರಿಸಿದಾಗ ಅವ್ವ ನಕ್ಕು ನಕ್ಕು ರೊಟ್ಟಿ ಹೊತ್ತಿಸಿದ್ದಳು. ಆಯಿಯದು ಎರಡೂ ಕಡೆಯ ಊಟ. ಆ ಒಲೆಯದೊಂದು ರೊಟ್ಟಿ, ಈ ಒಲೆಯದೊಂದು ರೊಟ್ಟಿ. ಯಾರ ರೊಟ್ಟಿ ಚಲೋ ಎಂದು ಕೇಳಿದರೆ, ಹಲ್ಲಿಲ್ಲದವಳಿಗೆ ಎಲ್ಲ ರೊಟ್ಟಿಯೂ ಒಂದೇ ಎನ್ನುತ್ತಿದ್ದಳು. ಇಷ್ಟು ಜಾಣ ಉತ್ತರವನ್ನು ಮುಂದೆ ನಾನು ದೊಡ್ಡ ದೊಡ್ಡ ಕೋಟು ಹಾಕಿದವರ ಬಾಯಲ್ಲೂ ಹೆಚ್ಚು ಕೇಳಿಲ್ಲ.

ಮಾತು ಒಯ್ಯುವ ಕೆಲಸ ನನಗೆ ಬಂದದ್ದು ಆಯಿಯನ್ನು ಬಿಟ್ಟರೆ ಎರಡೂ ಕಡೆ ಸಲುಗೆ ಇದ್ದವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಮೊದಮೊದಲು ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸುತ್ತಿದ್ದೆ. ಸಾಲಿಯಲ್ಲಿ ಪದ್ಯ ಕಂಠಪಾಠ ಮಾಡಿಸುತ್ತಿದ್ದರಲ್ಲ, ಹಾಗೆ. ಹೊಲ ಪಾಲಾದರೂ ಬಾವಿ ಒಂದೇ ಉಳಿದಿತ್ತು, ನೀರಿಗೆ ಪಾಳಿ ಇತ್ತು. ಒಮ್ಮೆ ನಮ್ಮ ಪಾಳಿಗೆ ನೀರು ಯಾವಾಗ ಬಿಡುತ್ತಾರೆ, ಕೇಳಿಕೊಂಡು ಬಾ ಎಂದು ಅಪ್ಪ ಕಳಿಸಿದ. ದೊಡ್ಡಪ್ಪ ಯಾವುದೋ ಸಿಟ್ಟಿನಲ್ಲಿದ್ದ. ಈ ಬಾವಿ ಅವರಪ್ಪ ತೋಡಿಸಿದ್ದೇನೂ ಅಲ್ಲ ಎಂದು ಹೇಳು ಎಂದ. ನಾನು ಬದುವಿನ ಮೇಲೆ ಓಡಿ ಬಂದು ಅದನ್ನೇ ಒದರಿದೆ. ಅಪ್ಪ ಗುದ್ದಲಿ ಬಿಸಾಕಿ ಮನೆಗೆ ನಡೆದ. ಎರಡೂ ಒಲೆಯ ರೊಟ್ಟಿ ಅಂದು ಹಾಗೇ ಉಳಿದವು. ಬಾವಿ ತೋಡಿಸಿದ್ದು ಇಬ್ಬರಿಗೂ ಒಬ್ಬನೇ ಅಪ್ಪ ಎಂಬುದು ಬೈದವನಿಗೂ ಹೊಳೆದಿರಲಿಲ್ಲ, ಬೈಸಿಕೊಂಡವನಿಗೂ ಹೊಳೆದಿರಲಿಲ್ಲ. ಹೊಳೆದದ್ದು ಆಯಿಗೆ. ಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡಳು.

“ಅವ ಅಂದಿದ್ರಾಗ ಎರಡು ಮಾತು ಇದ್ದುವು. ಒಂದು ಸಿಟ್ಟಿಂದು, ಒಂದು ನೀರಿಂದು. ಸಿಟ್ಟು ಅವಂದು, ಅವನ ಹತ್ರನ ಇರ್ಲಿ. ನೀ ನೀರಿಂದಷ್ಟ ತಗೊಂಡ ಬಾ.”

ಅದರಲ್ಲಿ ನೀರಿನ ಮಾತೇ ಇರಲಿಲ್ಲವಲ್ಲ ಎಂದೆ.

“ಹಂಗಿದ್ರ ಬರೇ ಕೈಲೆ ಬಾ. ದೊಡ್ಡಪ್ಪ ಇನ್ನೂ ಏನೂ ಹೇಳಿಲ್ಲ ಅನ್ನು. ಖರೆ, ಅಂದಿದ್ದು ಬಿಟ್ರೂ ನಡೀತೈತಿ, ಅನ್ನಲಾರದ್ದು ಕೂಡಸಬ್ಯಾಡ ಮತ್ತ. ಕೂಡಸಿದಿ ಅಂದ್ರ ನಾಳಿ ನಿನ್ನ ಯಾರೂ ನಂಬೂದಿಲ್ಲ.”

ಅಂದಿನಿಂದ ನಾನು ಬಿಡುವುದನ್ನು ಕಲಿತೆ. ಕೂಡಿಸುವುದನ್ನು ಕಲಿಯಲಿಲ್ಲ. ಸರಕಾರದ ಕೆಲಸಕ್ಕೆ ಸೇರಿ, ತಾಲೂಕು ಜಿಲ್ಲೆಗಳಲ್ಲಿ ಅಲೆದು, ಬೆಂಗಳೂರು ದಿಲ್ಲಿಗಳ ಕಚೇರಿಗಳಲ್ಲಿ ಕಡತ ನೋಡಿ, ಕೊನೆಯ ವರ್ಷಗಳಲ್ಲಿ ರಾಯಭಾರಿಯಾಗಿ ಸಮುದ್ರದಾಚೆ ಹೋದೆ. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಈಗಲೂ ಜನ ಕೇಳುತ್ತಾರೆ. ತರಬೇತಿ ಕೇಂದ್ರಗಳ ಹೆಸರು ಹೇಳಿ ಸುಮ್ಮನಾಗುತ್ತೇನೆ. ಆದರೆ ಒಂದು ಸಂಗತಿ ಹೇಳಬೇಕು. ಅಲ್ಲಿ ಮೇಜಿನ ಆ ಬದಿಗೆ ಕೂತ ಆ ದೇಶದ ಮಂತ್ರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಮ್ಮವರ ಮಾತು ಅವರಿಗೆ ನೇರವಾಗಿ ತಿಳಿಯುತ್ತಿತ್ತು. ಆದರೂ ದುಭಾಷಿ ಹೇಳಿ ಮುಗಿಸುವವರೆಗೆ ಮುಖದ ಒಂದು ಗೆರೆಯನ್ನೂ ಅಲುಗಿಸದೆ ಕಾಯುತ್ತಿದ್ದರು. ಮೊದಲ ದಿನ ನನ್ನ ಕಿರಿಯ ಅಧಿಕಾರಿಗೆ ಇದು ನಾಟಕವೆನ್ನಿಸಿತು. ನನಗೆ ಅನ್ನಿಸಲಿಲ್ಲ. ನಮ್ಮ ಪಡಸಾಲೆಯಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಿಯೇ ಕೇಳಿಸುತ್ತಿತ್ತು. ಆದರೂ ಇಬ್ಬರೂ ಉತ್ತರ ಕೊಡುತ್ತಿದ್ದದ್ದು ನಾನು ಹೇಳಿದ ಮಾತಿಗೆ, ಮೂಲದ ಮಾತಿಗಲ್ಲ. ಕೇಳಿಯೂ ಕೇಳದಂತೆ ಇರಲು, ಸಿಟ್ಟನ್ನು ನೆಲಕ್ಕೆ ಬಿಟ್ಟು ಕೆಲಸದ ಮಾತನ್ನಷ್ಟೇ ಎತ್ತಿಕೊಳ್ಳಲು ಅವರಿಗೆ ಒಂದು ನೆಪ ಬೇಕಿತ್ತು. ನಡುವಿನವರು ಬೇಕಾಗುವುದು ಭಾಷೆ ತಿಳಿಯದ್ದಕ್ಕಲ್ಲ ಎಂಬುದು ನನಗೆ ಲಂಗ ಉಡುವ ವಯಸ್ಸಿಗೇ ತಿಳಿದಿತ್ತು.

ಪಿಯುಸಿಯನ್ನು ಸವದತ್ತಿಯಲ್ಲಿ ಮುಗಿಸಿದೆ. ಮುಂದಿನ ಓದಿಗೆ ಬೈಲಹೊಂಗಲಕ್ಕೆ ಹೋಗಬೇಕು. ಡಿಗ್ರಿಯ ಬಗ್ಗೆ ದೊಡ್ಡಪ್ಪ ಆ ಎತ್ತು ಎಮ್ಮೆಯ ಮಾತು ಹೇಳಿದ್ದು ಆಗಲೇ. ಮನೆ ಒಡೆದರೂ ಹೆಣ್ಣುಮಕ್ಕಳ ವಿಷಯದಲ್ಲಿ ಹಿರಿಯನ ಮಾತು ಬೇಕೇ ಬೇಕು. ಗಂಡಿನ ಕಡೆಯವರು ಬಂದರೂ ಮೊದಲು ಕೇಳುವುದು ಹಿರಿಯನನ್ನೇ. ಅಪ್ಪನಿಗೆ ನನ್ನನ್ನು ಓದಿಸುವ ಆಸೆ ಗಟ್ಟಿಯಾಗಿತ್ತು, ಅಣ್ಣನ ಮುಂದೆ ಬಾಯಿ ಬಿಟ್ಟು ಕೇಳುವ ಮನಸ್ಸು ಮಾತ್ರ ಇರಲಿಲ್ಲ. ಒಂದು ಮುಂಜಾನೆ ಒಗೆದ ಧೋತರ ಉಟ್ಟು, ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಬಿ.ಎ.ಗೆ ಹೆಸರು ಹಚ್ಚಿಸಿ ಬಂದ. ಬೈಯಲು ಶುರು ಮಾಡಬಹುದು ಎಂದು ನಾನು ನಡುವೆ ನಿಂತೆ, ದೊಡ್ಡಪ್ಪ ಏನೂ ಅನ್ನಲಿಲ್ಲ. ಅವನು ಏನೂ ಅನ್ನದಿದ್ದರೆ ಏನೋ ಮಾಡುತ್ತಾನೆ ಎಂದರ್ಥ. ರಾಮದುರ್ಗದ ಕಡೆಯ ಒಂದು ಸಂಬಂಧ ಹುಡುಕಿದ. ಹುಡುಗ ಒಳ್ಳೆಯವನು, ಹೊಲಮನೆ ಇದ್ದವರು. ಅವರದು ಒಂದೇ ಮಾತು, ಹುಡುಗಿ ಕಾಲೇಜು ಬಿಡಬೇಕು. ಇದರಲ್ಲಿ ದೊಡ್ಡಪ್ಪನ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಓದಿದ ಹುಡುಗಿಗೆ ಓದಿದ ಗಂಡು ಬೇಕು, ಓದಿದ ಗಂಡು ಒಕ್ಕಲು ಮನೆಗೆ ಬರುವುದಿಲ್ಲ, ಹುಡುಗಿ ನಡುವೆಯೇ ಉಳಿಯುತ್ತಾಳೆ ಎಂಬುದು ಅವನ ಲೆಕ್ಕ. ಈ ಸುದ್ದಿ ನನಗೆ ಹಿತ್ತಲಲ್ಲಿ ದೊಡ್ಡವ್ವನಿಂದ ಗೊತ್ತಾಯಿತು. ಇನ್ನು ಹಿರಿಯನ ಬಾಯಿಂದ ಬರುವುದೊಂದು ಬಾಕಿ. ಬಂತೆಂದರೆ ಅದನ್ನು ಅಪ್ಪನಿಗೆ ಮುಟ್ಟಿಸಬೇಕಾದವಳು ನಾನೇ.

ಅದು ಬಂದದ್ದು ಸೀಗಿಹುಣ್ಣಿಮೆಯ ದಿನ, ಹೊಲದಲ್ಲಿ. ಎಲ್ಲ ಹೊಲ ಪಾಲಾದರೂ ಬಾವಿಯ ಸುತ್ತಲಿನ ಹೊಲವನ್ನು ಆಯಿ ತನ್ನ ಹೆಸರಿನಲ್ಲೇ ಉಳಿಸಿಕೊಂಡಿದ್ದಳು. ಸೀಗಿಹುಣ್ಣಿಮೆಗೆ ಎರಡೂ ಮನೆಯವರು ಒಂದೇ ಗಾಡಿಯಲ್ಲಿ ಅಲ್ಲಿಗೆ ಹೋಗಲೇಬೇಕಿತ್ತು. ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿ, ಬಸುರಿ ಭೂಮಿತಾಯಿಗೆ ಉಡಿ ತುಂಬಿ, ಮಾಡಿ ತಂದ ಅಡಿಗೆಯನ್ನೆಲ್ಲ ಕಲಸಿ ಬೆಳೆಯ ತುಂಬ ಚೆಲ್ಲುವುದು. ಅದಕ್ಕೆ ಚರಗ ಎನ್ನುತ್ತೇವೆ. ಚರಗ ಒಬ್ಬರಿಂದ ಆಗುವುದಿಲ್ಲ. ಮುಂದೆ ಒಬ್ಬ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಅನ್ನ ಚೆಲ್ಲಬೇಕು, ಹಿಂದೆ ಇನ್ನೊಬ್ಬ ‘ಚಳ್ಳಂಬರಿಗೋ’ ಎಂದು ಉತ್ತರ ಕೊಡುತ್ತ ನೀರು ಚಿಮುಕಿಸಬೇಕು. ಹಿಂದಿನ ದನಿ ಇಲ್ಲದಿದ್ದರೆ ಭೂಮಿತಾಯಿ ಉಣ್ಣುವುದಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ ದೊಡ್ಡಪ್ಪ ಕೂಗುತ್ತಿದ್ದ, ಅಪ್ಪ ಓಗೊಡುತ್ತಿದ್ದ. ಅದು ದೇವರ ಮಾತು, ಅದನ್ನು ಮಾತಾಡಿದರು ಎಂದು ಇಬ್ಬರೂ ಲೆಕ್ಕ ಹಿಡಿಯುತ್ತಿರಲಿಲ್ಲ. ಜೋಳದ ಎಳೆಯ ಸಾಲುಗಳ ನಡುವೆ ಆ ಎರಡು ದನಿ ಒಂದರ ಹಿಂದೊಂದು ಹೋಗುವಾಗ ಅವ್ವ, ದೊಡ್ಡವ್ವ ಕೈಯಲ್ಲಿನ ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಎರಡೂ ಒಂದೇ ಥರದ ದನಿ. ದೂರದಿಂದ ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಚರಗ ಮುಗಿಸಿ ಬನ್ನಿಗಿಡದ ನೆರಳಿನಲ್ಲಿ ಎಲ್ಲರೂ ಉಣ್ಣಲು ಕೂತೆವು. ಸಜ್ಜೆ ರೊಟ್ಟಿ, ಕಡಬು, ಬದನೆಕಾಯಿ, ಶೇಂಗಾ ಚಟ್ನಿ. ದೊಡ್ಡಪ್ಪ ಎರಡು ತುತ್ತು ಉಂಡು, ನೀರು ಕುಡಿದು, ಗಂಟಲು ಸರಿ ಮಾಡಿಕೊಂಡ.

“ಹೇಳವಾ ನಿಮ್ಮಪ್ಪಗ. ಬರೂ ಸ್ವಾಮಾರ ರಾಮದುರ್ಗದ ಕಡಿಯವರು ಹೆಣ್ಣ ನೋಡಾಕ ಬರ್ತಾರ. ನಾ ಬರ್ರಿ ಅಂದೇನಿ. ಕಾಲೇಜು ಅಲ್ಲಿಗಿ ಆತು.”

ಅಪ್ಪ ಎಲೆಯ ಮೇಲೆ ಕಣ್ಣಿಟ್ಟು ಕೂತಿದ್ದ. ರೂಢಿಯಂತೆ ನಾನು ಅವನ ಕಡೆ ತಿರುಗಿದೆ. ಬಾಯಿ ತೆರೆದೆ. ಸಿಟ್ಟಿನ ಮಾತು ಯಾವುದು ಬಿಡಬೇಕು, ಕೆಲಸದ ಮಾತು ಯಾವುದು ಇಡಬೇಕು ಎಂದು ಹುಡುಕಿದೆ. ಅದರಲ್ಲಿ ಸಿಟ್ಟು ಇರಲೇ ಇಲ್ಲ. ಎಲ್ಲವೂ ಕೆಲಸದ ಮಾತೇ, ಬಿಡಲಿಕ್ಕೆ ಒಂದಕ್ಷರವೂ ಇಲ್ಲ. ನನ್ನ ಕಾಲೇಜನ್ನು ನಾನೇ ಎತ್ತಿಕೊಂಡು ಹೋಗಿ ಮುಗಿಸಿ ಬರಬೇಕು. ಕಡಬು ಎಲೆಯಲ್ಲಿಟ್ಟು ದೊಡ್ಡಪ್ಪನ ಕಡೆಗೇ ತಿರುಗಿದೆ.

“ಇದನ್ನ ನಾ ಹೇಳೂದಿಲ್ಲ ದೊಡ್ಡಪ್ಪಾ. ಇಷ್ಟ ದಿವಸ ನಿಮ್ಮಿಬ್ರ ಮಾತು ಒಯ್ದೇನಿ, ತಂದೇನಿ. ಇದು ನಂದ ಮಾತು. ನನ್ನ ಮಾತಿಗಿ ನಾನ ನಡುವ ನಿಂತ್ರ ಅದು ನ್ಯಾಯ ಆಗೂದಿಲ್ಲ. ನೀವ ಮಾತಾಡ್ರಿ.”

ಅವ್ವ ನನ್ನ ತೊಡೆ ಚಿವುಟಿದಳು. ದೊಡ್ಡಪ್ಪ ದೊಡ್ಡವ್ವನ ಮುಖ ನೋಡಿದ, ದೊಡ್ಡವ್ವ ಸೆರಗು ಮುಂದಕ್ಕೆ ಎಳೆದುಕೊಂಡು ಚಟ್ನಿಯ ಡಬ್ಬಿಯೊಳಗೆ ನೋಡತೊಡಗಿದಳು. ಆಯಿಯ ಮುಖ ನೋಡಿದ. ಆಯಿ ಕಿವಿಗೆ ಕೈ ಹಚ್ಚಿ, ಗಾಳಿಗೆ ಏನೂ ಕೇಳಿಸುತ್ತಿಲ್ಲ ಎಂದಳು. ಎಲೆಯೂ ಅಲುಗದ ಮಧ್ಯಾಹ್ನ ಅದು. ಕೊನೆಗೆ ದೊಡ್ಡಪ್ಪ ಗಾಡಿಗೆ ಕಟ್ಟಿದ್ದ ಎತ್ತುಗಳ ಕಡೆ ನೋಡಿದ. ಎತ್ತಿಗೆ ಹೇಳಿಯಾದರೂ ಕೆಲಸ ತೀರಿಸಿಕೊಳ್ಳುತ್ತಾನೇನೋ ಎಂದುಕೊಂಡೆ. ಅವನು ಹೇಳಲಿಲ್ಲ. ನೆಲ ನೋಡುತ್ತ, ಮೆಲ್ಲಗೆ ಅಂದ:

“ಏನಂತಿಪಾ ತಮ್ಮಾ?”

ಅಪ್ಪ ತಂಬಿಗೆ ಎತ್ತಿಕೊಂಡ. ನೀರು ಕುಡಿದ. ಮತ್ತೆ ಕುಡಿದ.

“ಓದ್ಲಿ ಅಂತೇನಿ ಅಣ್ಣಾ.”

“ಓದಿ ಏನ್ ಮಾಡ್ತಾಳ?”

“ನನಗೂ ಗೊತ್ತಿಲ್ಲ. ನಾ ಏಳನೇತ್ತಿಗಿ ಸಾಲಿ ಬಿಟ್ಟಾಂವ, ಮುಂದ ಏನೈತಿ ಅಂತ ನೋಡಿಲ್ಲ.” ಅಪ್ಪ ಮುಂದುವರಿಸಿದ: “ನೀ ಸಾಲಿ ಬಿಟ್ಟು ನೇಗಿಲಾ ಹಿಡದಿದ್ದಕ್ಕ ನಾ ಏಳನೇತ್ತೆ ಕಂಡೆ. ನಿನ್ನ ಪಾಳಿ ನನಗ ಬಿಟ್ಟಿದ್ದಿ. ಅದನ್ನ ಈಗ ಇಕಿಗಿ ಬಿಡು.”

ದೊಡ್ಡಪ್ಪ ಸಾಲಿ ಬಿಟ್ಟದ್ದು ಅಪ್ಪನ ಸಲುವಾಗಿ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಜ್ಜ ತೀರಿಕೊಂಡಾಗ ಇಬ್ಬರಲ್ಲಿ ಒಬ್ಬರು ಹೊಲಕ್ಕೆ ಬರಬೇಕಾಗಿತ್ತಂತೆ, ಓದಿನಲ್ಲಿ ಜಾಣನಾಗಿದ್ದವನು ದೊಡ್ಡಪ್ಪನೇ ಅಂತೆ. ಅವನು ಎದ್ದು ಹೋಗಿ ಎತ್ತುಗಳ ಮುಂದೆ ಮೇವು ಹಾಕಿದ, ಹಾಕಿದ್ದ ಮೇವನ್ನೇ ಸರಿಸಿ ಮತ್ತೆ ಹಾಕಿದ. ತಿರುಗಿ ಬಂದು ಎಲೆಯ ಮುಂದೆ ಕೂತು, ರಾಮದುರ್ಗದವರಿಗೆ ನಾನೀಗ ಏನು ಹೇಳಲಿ ಎಂದು ಅಪ್ಪನನ್ನೇ ಕೇಳಿದ. ಹಿರಿಯ ನೀನು, ನೀನು ಹೇಳಿದ್ದನ್ನು ಅವರು ಕೇಳುತ್ತಾರೆ ಎಂದ ಅಪ್ಪ. ಇದಕ್ಕಿಂತ ಹದವಾದ ಉತ್ತರ ನಾನು ಯಾವ ಮೇಜಿನ ಮೇಲೂ ಕೇಳಿಲ್ಲ. ಸೋತವನಿಗೆ ಇಳಿದು ಬರಲಿಕ್ಕೆ ಒಂದು ಮೆಟ್ಟಿಲು ಕೊಡದಿದ್ದರೆ ಯಾವ ಒಪ್ಪಂದವೂ ಹೆಚ್ಚು ದಿನ ಬಾಳುವುದಿಲ್ಲ. ದೊಡ್ಡಪ್ಪ ಆ ಮೆಟ್ಟಿಲು ಇಳಿದ, ಆದರೆ ತನ್ನ ಮಾತು ಬಿಟ್ಟುಕೊಡದೆ:

“ಆತು, ಹೋಗ್ಲಿ. ಖರೆ ಮುಗಸೂದಿಲ್ಲ ನೋಡು ಇಕಿ.”

ಆಮೇಲೆ ಇಬ್ಬರೂ ಕೂತು ಹರಟೆ ಹೊಡೆದರು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ನೀರಿನ ಮಾತು, ಆಮೇಲೆ ದನದ ಮಾತು, ಆಮೇಲೆ ಊರ ಮಾತು. ಆ ಸುಗ್ಗಿಗೆ ಚೀಲಗಳನ್ನು ಪಡಸಾಲೆಯ ನಡುವೆ ಒಟ್ಟಲಿಲ್ಲ, ಹಿಂದಿನ ಗೋಡೆಗೆ ಒಟ್ಟಿದರು. ಹಾಗೆ ಮಾಡೆಂದು ಯಾರೂ ಹೇಳಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ. ನನ್ನ ಮೊದಲ ಹುದ್ದೆ ಅಲ್ಲಿಗೆ ರದ್ದಾಯಿತು.

ಓದು ಸುಲಭವಾಗಿರಲಿಲ್ಲ. ಮನೆಯಲ್ಲಿ ಕೇಳಲಿಕ್ಕೆ ಯಾರೂ ಇಲ್ಲ. ಕಾಲೇಜಿನಲ್ಲಿ ಕೇಳಿದರೆ ಉಳಿದವರು ನಗುತ್ತಾರೆ. ಎರಡನೆಯ ವರ್ಷ ಇಂಗ್ಲಿಷಿನಲ್ಲಿ ನಪಾಸಾದೆ. ದೊಡ್ಡಪ್ಪ ಹೇಳಿದ್ದೇ ಖರೆಯಾಗುತ್ತದೆ ಎಂದು ಹಿತ್ತಲಲ್ಲಿ ಕೂತು ಅತ್ತೆ. ಮರುಪರೀಕ್ಷೆಯ ಮುಂಜಾನೆ ಮಳೆ ಹಿಡಿದಿತ್ತು. ಎರೆಮಣ್ಣಿನ ದಾರಿಯಲ್ಲಿ ಮೊಣಕಾಲವರೆಗೆ ಕೆಸರು, ಬಸ್ಸು ಊರೊಳಗೆ ಬರುವಂತಿರಲಿಲ್ಲ. ಬಾಗಿಲು ತೆರೆದರೆ ದೊಡ್ಡಪ್ಪ ಗಾಡಿ ಹೂಡಿಕೊಂಡು, ತಲೆಯ ಮೇಲೆ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಂತಿದ್ದ. ದಾರಿಯುದ್ದಕ್ಕೂ ಎತ್ತುಗಳಿಗೆ ಬೈದನೇ ಹೊರತು ನನಗೆ ಒಂದು ಮಾತೂ ಹೇಳಲಿಲ್ಲ. ಬಸ್ಸು ಬಂದು ನಾನು ಹತ್ತಿ ಕೂತ ಮೇಲೂ, ಅದು ತಿರುವು ದಾಟುವವರೆಗೆ, ಮಳೆಯಲ್ಲೇ ನಿಂತಿದ್ದ.

ಘಟಿಕೋತ್ಸವ ಧಾರವಾಡದಲ್ಲಿ. ಅಪ್ಪ ಮಾತ್ರ ಬಂದ. ಇಬ್ಬರೂ ಬಂದರೆ ದನ ನೋಡುವವರು ಯಾರು ಎಂದು ದೊಡ್ಡಪ್ಪ ಉಳಿದುಕೊಂಡ. ಬಾಡಿಗೆಯ ಕಪ್ಪು ನಿಲುವಂಗಿ ತೊಟ್ಟು, ಹೆಸರು ಕರೆದಾಗ ಹೋಗಿ ಪ್ರಮಾಣಪತ್ರ ಇಸಿದುಕೊಂಡೆ. ಅಪ್ಪ ಚಪ್ಪಾಳೆ ತಟ್ಟಬೇಕೋ ಕೈ ಮುಗಿಯಬೇಕೋ ತಿಳಿಯದೆ ಎರಡೂ ಮಾಡಿದ. ಊರಿಗೆ ಬಂದಾಗ ದನ ಮನೆಗೆ ಬರುವ ಹೊತ್ತು. ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದರು. ಅವ್ವ ಕೈ ಒರೆಸಿಕೊಂಡು ಮುಟ್ಟಿದಳು, ದೊಡ್ಡವ್ವ ಮುಟ್ಟಲಿಕ್ಕೆ ಅಂಜಿದಳು. ಆಯಿ ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿ, ಇಷ್ಟು ಹಗುರದ ವಸ್ತುವಿಗೆ ಇಷ್ಟೆಲ್ಲ ಗುದ್ದಾಟವೇ ಎಂದಳು. ಅವ್ವ ಆಗಲೇ ದೇವರ ಜಗಲಿ ಒರೆಸಿ, ಲಿಂಗದ ಪಕ್ಕ ಜಾಗ ಮಾಡಿ, ಕುಂಕುಮ ತೆಗೆದಿಟ್ಟಿದ್ದಳು. ಜಗಲಿಯ ಮೇಲೆ ಏನೇ ಇಡಲಿ, ಇಡುವವನು ಹಿರಿಯ.

ದೊಡ್ಡಪ್ಪ ದನ ಕಟ್ಟಿ, ಕೈಕಾಲು ತೊಳೆದು ಮೇಲೆ ಬಂದ. ನಾನು ಪ್ರಮಾಣಪತ್ರವನ್ನು ಅವನ ಎರಡೂ ಕೈಗೆ ಕೊಟ್ಟು ಕಾಲು ಮುಟ್ಟಿದೆ. ಇಂಗ್ಲಿಷ್ ಅಕ್ಷರ ಅವನಿಗೆ ಬರುತ್ತಿರಲಿಲ್ಲ. ನಿನ್ನ ಹೆಸರು ಎಲ್ಲಿದೆ ಎಂದು ಕೇಳಿದ, ತೋರಿಸಿದೆ. ಅದರ ಪಕ್ಕದ್ದು ಏನು ಎಂದು ಕೇಳಿದ, ಅದು ಅಪ್ಪನ ಹೆಸರು ಎಂದೆ. ಅದರ ಮೇಲೆ ಬೆರಳಾಡಿಸಿದ. ಆಮೇಲೆ ಜಗಲಿಯ ಮುಂದೆ ಹೋಗಿ ಕಾಗದವನ್ನು ಹಣೆಗೆ ಹಚ್ಚಿಕೊಂಡ. ಅಲ್ಲಿಡುತ್ತಾನೆಂದು ಅವ್ವ ಕುಂಕುಮದ ಬಟ್ಟಲು ಹಿಡಿದು ಮುಂದೆ ಬಂದಳು. ಅವನು ಇಡಲಿಲ್ಲ. ತಿರುಗಿ ಬಂದು ನನ್ನ ಕೈಗೇ ಕೊಟ್ಟ.

“ಇಲ್ಲಿಡೂದು ಬ್ಯಾಡವಾ. ಜಗಲಿ ಏರಿದ್ದು ಮನಿ ಬಿಟ್ಟು ಹೋಗೂದಿಲ್ಲ. ಟ್ರಂಕಿನ್ಯಾಗ ಇಟ್ಕೋ. ನೀ ಇನ್ನೂ ಹೋಗಾಕಿ ಅದಿ.”